ಹೂಂ ಅಂದುಬಿಟ್ಟ ಪಾಟೀಲ ಸರ್

"ಮೇಡಂ, ಈ ಐತವಾರ ಪುರಸೊತ್ತ ಐತೇನ್ರಿ? ನಮ್ಮ ಮನಿಗೆ ಬಂದು ಒಂದೀಟ ಜಗಳಾ ಆಡಿ ಹೋಗ್ರಿ."

ಊಟಕ್ಕೆ ಕರೆಯುವವರುಂಟು. ಗೃಹಪ್ರವೇಶಕ್ಕೆ, ಬಸುರಿಯ ಕುಬಸಕ್ಕೆ ಕರೆಯುವವರುಂಟು. ಚಹಾಕ್ಕೆ ಕರೆದು ಮೆಲ್ಲಗೆ ವಿಮೆ ಪಾಲಿಸಿ ಮುಂದಿಡುವವರೂ ಉಂಟು. ಆದರೆ ಜಗಳಕ್ಕೆಂದೇ ಯಾರಾದರೂ ಫೋನ್ ಮಾಡಿ ಕರೆಯುತ್ತಾರಾ? ಅದೂ ತಮ್ಮ ಗಂಡನ ಜೊತೆ ಜಗಳ ಆಡಲು?

ಕರೆದವರು ಶಾಂತಕ್ಕ. ನಮ್ಮ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಪಾಟೀಲ ಸರ್ ಅವರ ಹೆಂಡತಿ. ಸರ್ ನಿವೃತ್ತರಾಗಿ ಎರಡು ವರ್ಷದ ಮೇಲಾಯಿತು. ಆಮೇಲೆ ಅವರನ್ನು ನೋಡಿದ್ದು ಒಂದೆರಡು ಮದುವೆಗಳಲ್ಲಿ, ಅದೂ ದೂರದ ಪಂಕ್ತಿಯಲ್ಲಿ.

"ಯಾಕ್ರಿ ಅಕ್ಕಾರ, ಏನಾತು?" ಅಂದೆ.

"ಏನೂ ಆಗಿಲ್ರಿ. ಅದನ್ನ ಹೇಳಾಕತ್ತೇನಿ. ನಮ್ಮ ಮನ್ಯಾಗ ಏನೂ ಆಗವಲ್ದು. ಏನ ಹೇಳಿದ್ರೂ ಇವರು ಹೂಂ ಅಂತಾರ. ಅನ್ನಾ ಮಾಡ್ಲಿ ಅಂದ್ರ ಹೂಂ. ರೊಟ್ಟಿ ಮಾಡ್ಲಿ ಅಂದ್ರ ಹೂಂ. ಎರಡೂ ಬ್ಯಾಡ, ಉಪಾಸ ಇರೂಣು ಅಂದ್ರೂ ಹೂಂ! ಮುಂಜಾನಿ ತಿರುಗಾಡಾಕ ಹೋಗೂದ ಬಿಟ್ಟಾರ. ಲಗ್ನಕ್ಕ ಬರೂದ ಬಿಟ್ಟಾರ. ನನಗ ಅಂಜಿಕಿ ಬರಾಕತ್ತೈತಿ. ನಿಮ್ಮ ಜೋಡಿ ಜಗಳಾ ಆಡಿ ಬಂದ ದಿನ ಎರಡ ರೊಟ್ಟಿ ಹೆಚ್ಚ ತಿಂತಿದ್ರು. ನೀವ ಬರ್ರಿ."

ಶಾಂತಕ್ಕ ಹೇಳಿದ್ದು ಖರೇ. ನಾನೂ ಪಾಟೀಲ ಸರ್‌ರೂ ವರ್ಷಾನುಗಟ್ಟಲೆ ಜಗಳ ಆಡಿದ್ದೇವೆ. ಒಂದೇ ವಿಷಯದ ಮೇಲೆ. ನಾನು ಕಲಿಸುವ ಕಂಪ್ಯೂಟರ್ ವಿಜ್ಞಾನ ನಿಜಕ್ಕೂ ವಿಜ್ಞಾನವೋ ಅಲ್ಲವೋ?

(ಹೌದು, ಇದೇ ವಿಷಯ. ನೀವು ನಗಬಹುದು. ಸೊಸೆ ಮಾಡಿದ ಸಾರಿನ ಬಗ್ಗೆ ನಿಮ್ಮ ಮನೆಯಲ್ಲಿ ಎಷ್ಟು ವರ್ಷದಿಂದ ಜಗಳ ನಡೆದಿದೆ, ಹೇಳಿ ನೋಡೋಣ?)

ನಾನು ಕಾಲೇಜಿಗೆ ಸೇರಿದ ಹೊಸದರಲ್ಲಿ ಸ್ಟಾಫ್ ರೂಮಿನ ಉದ್ದ ಟೇಬಲ್ಲಿಗೆ ಒಂದು ಅಲಿಖಿತ ವ್ಯವಸ್ಥೆ ಇತ್ತು. ಕಿಟಕಿ ಕಡೆ ಭೌತಶಾಸ್ತ್ರ, ರಸಾಯನಶಾಸ್ತ್ರದವರು. ನಡುವೆ ಸಸ್ಯ, ಪ್ರಾಣಿ. ಬಾಗಿಲ ಹತ್ತಿರ, ಕೊಡೆ ನೇತುಹಾಕುವ ಜಾಗದಲ್ಲಿ, ನಾನು. ನನ್ನ ವಿಭಾಗದಲ್ಲಿ ಆಗ ನಾನೊಬ್ಬಳೇ. ಮೊದಲ ವಾರವೇ ಪಾಟೀಲ ಸರ್ ಚಹಾದ ಕಪ್ಪು ಹಿಡಿದು ನನ್ನ ಎದುರಿಗೆ ಬಂದು ಕೂತು ಕೇಳಿದ್ದರು.

"ಮೇಡಂ, ಸಿಟ್ಟ ಮಾಡ್ಕೋಬ್ಯಾಡ್ರಿ. ಕಲ್ಲು, ನೀರು, ಬೆಳಕು... ಇವನ್ನ ನಾವು ಮಾಡಿಲ್ಲ. ಅದಕ್ಕ ಇವು ಹೆಂಗ ಅದಾವು ಅಂತ ಕೇಳ್ತೀವಿ. ಅದು ವಿಜ್ಞಾನ. ಕಂಪ್ಯೂಟರ್ ಮಾಡಿದವರು ನೀವು. ಅದರಾಗ ಏನೈತಿ ಅಂತ ಕೇಳೋರೂ ನೀವು. ತನ್ನ ಕಿಸೇದಾಗ ತಾನ ಕೈ ಹಾಕಿ, 'ಒಳಗ ಏನೈತಪಾ?' ಅಂದಂಗ ಆತಲ್ರಿ?"

ಸಿಟ್ಟು ಬಂತು. ತುಂಬಾ ಬಂತು. ಆದರೆ ಆ ಟೇಬಲ್ಲಿನಲ್ಲಿ ನನ್ನ ಎದುರಿಗೆ ಬಂದು ಕೂತ ಮೊದಲ ಮನುಷ್ಯ ಅವರು.

ನಾನೂ ಬಿಡಲಿಲ್ಲ. "ಸರ್, ನಿಮ್ಮದು ಭೌತಶಾಸ್ತ್ರ. ಪಾಕಶಾಸ್ತ್ರ, ಜ್ಯೋತಿಷಶಾಸ್ತ್ರ, ಭೌತಶಾಸ್ತ್ರ, ಎಲ್ಲಾ ಒಂದ ಪಂಕ್ತಿ. ವಿಜ್ಞಾನ ಅಂತ ಹೆಸರ ಇರೂದು ನಮ್ಮದಕ್ಕ" ಅಂದೆ. ಟೇಬಲ್ಲಿಗೆ ಟೇಬಲ್ಲೇ ನಕ್ಕಿತು. ಅಲ್ಲಿಂದ ಶುರು.

ಒಂದು ರಾಶಿ ಹೆಸರುಗಳನ್ನು ಎರಡೆರಡಾಗಿ ಹೋಲಿಸುತ್ತ ಅಕಾರಾದಿಯಾಗಿ ಜೋಡಿಸಬೇಕೆಂದರೆ, ಕನಿಷ್ಠ ಇಷ್ಟು ಸಲ ಹೋಲಿಸಲೇಬೇಕು ಅನ್ನುವ ಮಿತಿ ಇದೆ. ಯಂತ್ರ ಎಷ್ಟೇ ಹೊಸದಿರಲಿ, ಆ ಮಿತಿ ದಾಟಲಾಗದು. "ಇದನ್ನ ಯಾವ ಮನಷ್ಯಾ ಮಾಡ್ಯಾನ್ರಿ ಸರ್? ಇದನ್ನ ಕಂಡ ಹಿಡದಾರ, ಮಾಡಿಲ್ಲ" ಅನ್ನುತ್ತಿದ್ದೆ.

"ಅದು ಗಣಿತ. ಮ್ಯಾಲಿನ ಮಹಡಿಗೆ ಕಳಿಸ್ರಿ."

"ಆತು. ಅದನ್ನ ನಡಿಸಿ ತೋರಿಸೋ ಯಂತ್ರ?"

"ಅದು ಎಂಜಿನಿಯರಿಂಗ್ ಕಾಲೇಜಿಂದು. ಹುಬ್ಬಳ್ಳಿ ಬಸ್ಸಿಗೆ ಹತ್ತಿಸ್ರಿ."

"ಹಂಗಾದ್ರ ನನಗ ಏನ ಉಳೀತ್ರಿ?"

"ಚಾ ಉಳದೈತಿ. ಆರಾಕತ್ತೈತಿ, ಕುಡೀರಿ."

ಹೀಗೆ. ದಿನಾ. ಯಾರೂ ಗೆಲ್ಲಲಿಲ್ಲ, ಯಾರೂ ಸೋಲಲಿಲ್ಲ. ಒಂದು ದಿನ ಅವರು ರಜೆ ಹಾಕಿದರೆ ನನ್ನ ಚಹಾ ಸಪ್ಪಗಿರುತ್ತಿತ್ತು.

ಅವರು ನಿವೃತ್ತರಾದ ಮೇಲೆ ಅವರ ಜಾಗಕ್ಕೆ ಹುಡುಗರು ಬಂದರು. ಒಳ್ಳೆಯ ಹುಡುಗರು. ಎಷ್ಟು ಒಳ್ಳೆಯವರೆಂದರೆ, ನಾನು ಏನು ಹೇಳಿದರೂ "ಯೆಸ್ ಮೇಡಂ" ಅನ್ನುತ್ತಾರೆ. ಒಮ್ಮೆ ಆಸೆಯಿಂದ ನಾನೇ ಕೆಣಕಿದೆ. "ನಮ್ಮ ಸಬ್ಜೆಕ್ಟು ಖರೇ ಅಂದ್ರ ವಿಜ್ಞಾನ ಏನ್ರಪಾ?" ಅಂದೆ. ಒಬ್ಬ ಮೊಬೈಲಿನಿಂದ ತಲೆ ಎತ್ತಿ, "ಯಾವುದಾದ್ರೇನ್ರಿ ಮೇಡಂ, ಈಗ ಎಲ್ಲಾ ಕಡೆ ನಿಮ್ಮದ ನಡದೈತಿ" ಅಂದ. ಮತ್ತೆ ತಲೆ ಬಗ್ಗಿಸಿದ. ಈಗ ನಾನು ಕೂರುವುದು ಕಿಟಕಿ ಕಡೆ. ಕಂಪ್ಯೂಟರಿಗೆ ಮರ್ಯಾದೆ ಬಂದಿದೆ. ಎದುರಿನ ಕುರ್ಚಿ ಮಾತ್ರ ಖಾಲಿ.

ಭಾನುವಾರ ಮಧ್ಯಾಹ್ನ ಧಾರವಾಡದ ನಮ್ಮ ಸಪ್ತಾಪುರದಿಂದ ಸ್ಕೂಟರ್ ತೆಗೆದೆ. ಲಕಮನಹಳ್ಳಿ ದಾಟಿ ಒಳಗೆ ಹೋದರೆ ಸರ್ ಕಟ್ಟಿಸಿದ ಮನೆ. ಹಿಂದೆ ಬಂದಾಗ ತಿಳಿ ಹಳದಿ ಬಣ್ಣದ್ದಿತ್ತು. ಈಗ ಎಷ್ಟು ಹುಡುಕಿದರೂ ಹಳದಿ ಮನೆ ಕಾಣಲಿಲ್ಲ. ಎದುರಿಗೆ ಗಿಳಿಹಸಿರು ಬಣ್ಣದ್ದೊಂದು ನಿಂತಿತ್ತು. ಕಣ್ಣು ಕೋರೈಸುವ ಹಸಿರು. ಗೇಟಿನ ಮೇಲೆ ಹೆಸರು ನೋಡಿದೆ. ಅದೇ ಮನೆ.

ಶಾಂತಕ್ಕ ಬಾಗಿಲಲ್ಲೇ ಪಿಸುಗುಟ್ಟಿದರು. "ನೋಡಿದ್ರ್ಯಾ? ಪೇಂಟರ್ ಬಂದು 'ಸಾಹೇಬ್ರ, ಹಸರ ಹೊಡೀಲೇನು' ಅಂದನಂತ. ಇವರು ಹೂಂ ಅಂದಾರ. ನಾ ಹಾವೇರಿಗೆ ಅಕ್ಕನ ಮನಿಗೆ ಹೋಗಿದ್ದೆ. ಬಂದ ನೋಡ್ತೇನಿ, ಹಿಂಗ! ಇವರಿಗೆ ಹಸರ ಬಣ್ಣ ಕಂಡ್ರ ಆಗೂದಿಲ್ಲ, ನಿಮಗ ಗೊತ್ತೈತಿ."

ಪಾಟೀಲ ಸರ್ ಪಡಸಾಲೆಯಲ್ಲಿ ಪೇಪರ್ ಹಿಡಿದು ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತರು. ಮುಖ ಅರಳಿತು. "ಬರ್ರಿ ಮೇಡಂ, ಬರ್ರಿ, ಬಾಳ ದಿನಾ ಆತು." ದನಿ ಅದೇ. ಇಸ್ತ್ರಿ ಮಾಡಿದ ಅಂಗಿ ಅದೇ. ಸ್ವಲ್ಪ ಇಳಿದಿದ್ದಾರೆ, ಅಷ್ಟೇ.

ಶಾಂತಕ್ಕ ಅಡುಗೆಮನೆಗೆ ಹೋದರು. ನಾನು ಬಂದ ಕೆಲಸ ಶುರು ಮಾಡಿದೆ.

"ಸರ್, ಬಾಳ ವಿಚಾರ ಮಾಡಿದೆ. ಕಂಪ್ಯೂಟರ್ ವಿಜ್ಞಾನ ಖರೇ ಖರೇ ವಿಜ್ಞಾನ. ನಿಮ್ಮ ಭೌತಶಾಸ್ತ್ರಕ್ಕಿಂತ ಒಂದ ಕೈ ಮ್ಯಾಲ."

ಸರ್ ನಕ್ಕರು. ತಲೆ ಆಡಿಸಿದರು.

"ಹೂಂ. ಹೌದ್ರಿ. ಖರೇ ಐತಿ."

ಓದುಗರೇ, ನಾನು ಗೆದ್ದಿದ್ದೆ. ಇಷ್ಟು ವರ್ಷ ಕಾದ ಮಾತು ಅವರ ಬಾಯಿಂದಲೇ ಬಂದಿತ್ತು. ಅದನ್ನು ಕೇಳಿದಾಗ ನನಗಾದದ್ದೇನು ಗೊತ್ತಾ? ಕತ್ತಲಲ್ಲಿ ಇನ್ನೊಂದು ಮೆಟ್ಟಿಲಿದೆ ಅಂತ ಕಾಲಿಟ್ಟಾಗ ಅಲ್ಲಿ ಮೆಟ್ಟಿಲೇ ಇರುವುದಿಲ್ಲವಲ್ಲ, ಹಾಗಾಯಿತು.

ಮತ್ತೆ ಕೆಣಕಿದೆ. "ಭೌತಶಾಸ್ತ್ರ ವಿಭಾಗ ಮುಚ್ಚಿಬಿಡೂದು ಛಲೋ ಅನಸ್ತೈತ್ರಿ ನನಗ."

"ಹೌದ್ ಹೌದು. ಅದೂ ಛಲೋನ."

ಮರೆವಿನ ಕಾಯಿಲೆಯೇ? ವೈರಾಗ್ಯವೇ? ಅಥವಾ ಮನೆಗೆ ಬಂದವಳಿಗೆ ಬೇಸರ ಆಗದಿರಲಿ ಅನ್ನುವ ದಾಕ್ಷಿಣ್ಯವೇ? (ದಾಕ್ಷಿಣ್ಯ ಅವರಿಗೆ ಗೊತ್ತೇ ಇರಲಿಲ್ಲ. ಪ್ರಾಂಶುಪಾಲರ ಭಾಷಣದ ನಡುವೆಯೇ ಎದ್ದು ತಪ್ಪು ತಿದ್ದಿದ ಮನುಷ್ಯ.)

ಅಷ್ಟರಲ್ಲಿ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ನಾನು ಬೆಚ್ಚಿದೆ. ಸರ್ ಬೆಚ್ಚಲಿಲ್ಲ. ಕಣ್ಣು ಕೂಡ ಅತ್ತ ಹೊರಳಲಿಲ್ಲ. ಅವರು ನನ್ನ ಬಾಯನ್ನೇ ನೋಡುತ್ತಿದ್ದರು.

ಬಾಯನ್ನು. ಕಣ್ಣನ್ನಲ್ಲ.

ನನಗೆ ಅನುಮಾನ ಬಂತು. ಅನುಮಾನ ಬಂದರೆ ಏನು ಮಾಡಬೇಕು ಅಂತ ಅವರೇ ಸಾವಿರಾರು ಮಕ್ಕಳಿಗೆ ಕಲಿಸಿದ್ದಾರೆ. ಪರೀಕ್ಷಿಸಿ ನೋಡಬೇಕು. ನೀರು ಕುಡಿಯಲು ಕೊಟ್ಟಿದ್ದ ದೊಡ್ಡ ಲೋಟವನ್ನು ಬಾಯಿಗೆ ಅಡ್ಡ ಹಿಡಿದೆ. ಮಾಮೂಲಿ ದನಿಯಲ್ಲಿ, ಲೋಟದ ಹಿಂದಿನಿಂದ ಹೇಳಿದೆ.

"ಸರ್, ನಿಮ್ಮ ಮನಿಗೆ ಬೆಂಕಿ ಹತ್ತೈತಿ."

ಸರ್ ಒಂದು ಕ್ಷಣ ಕಾದರು. ಆಮೇಲೆ ನಕ್ಕರು.

"ಹೂಂ. ಹೌದ್ರಿ."

ಲೋಟ ಕೆಳಗಿಟ್ಟೆ. ಪಾಟೀಲ ಸರ್‌ಗೆ ಕಿವಿ ಕೇಳುತ್ತಿರಲಿಲ್ಲ.

ಏನು ಮಾಡುವುದು? ಜೋರಾಗಿ ಕೂಗಬಹುದಿತ್ತು. ಅಡುಗೆಮನೆಯವರೆಗೂ ಕೇಳುತ್ತಿತ್ತು, ಅವರ ಮರ್ಯಾದೆ ಪಡಸಾಲೆಯಲ್ಲೇ ಬಿದ್ದು ಹೋಗುತ್ತಿತ್ತು. ಆಗ ನೆನಪಾಯಿತು. ನನ್ನ ಫೋನಿನಲ್ಲಿ ಒಂದು ಆ್ಯಪ್ ಇದೆ. ಆಡಿದ ಮಾತನ್ನು ಕೇಳಿಸಿಕೊಂಡು ಕನ್ನಡದಲ್ಲಿ ಬರೆಯುತ್ತದೆ. ಬೆರಳು ನೋವು ಅಂತ, ಪತ್ರಿಕೆಗೆ ಬರೆಯುವ ಈ ಅಂಕಣವನ್ನೇ ಅದರ ಮುಂದೆ ಹೇಳಿ ಬರೆಸಲು ಹಾಕಿಕೊಂಡಿದ್ದೆ. ಅದನ್ನು ತೆರೆದೆ, ಅಕ್ಷರ ದೊಡ್ಡದು ಮಾಡಿದೆ, ಅವರ ಮುಂದಿನ ಟೀಪಾಯಿಯ ಮೇಲೆ ನಿಲ್ಲಿಸಿದೆ. ಮೆಲ್ಲಗೆ, ಪುಸ್ತಕದ ಕನ್ನಡದಲ್ಲಿ ಹೇಳಿದೆ.

"ಸರ್, ನಿಮಗೆ ನನ್ನ ಮಾತು ಕೇಳಿಸುತ್ತಿಲ್ಲ."

ಅಕ್ಷರಗಳು ಒಂದೊಂದಾಗಿ ಮೂಡಿದವು. ಸರ್ ಓದಿದರು. ಇನ್ನೊಮ್ಮೆ ಓದಿದರು. ಕನ್ನಡಕ ತೆಗೆದು ಒರೆಸಿದರು. ಅವರ ಕಿವಿಯ ತುದಿ ಕೆಂಪಾಯಿತು. ಈ ಸಲ ಹೂಂ ಅನ್ನಲಿಲ್ಲ.

ಒಳಗಿನಿಂದ ಶಾಂತಕ್ಕ ಕೂಗಿದರು.

"ಕುಂದರ್ರಿ ಮೇಡಂ, ಚಾ ಮಾಡಾಕತ್ತೇನಿ!"

ಫೋನು ಅದನ್ನೂ ಕೇಳಿಸಿಕೊಂಡಿತು. ಬರೆಯಿತು.

'ಕುಂದರಿ ಮೇಡಂ ಚಾ ಮಾಡು ಕತ್ತೆ ನೀ.'

ಸರ್ ಓದಿದರು. ಅಡುಗೆಮನೆ ಕಡೆ ನೋಡಿದರು. ಮತ್ತೆ ಓದಿದರು.

"ಏ ಶಾಂತಾ! ಮೇಡಮ್ಮಾರಿಗೆ ಏನಂದಿ ನೀ?"

ಶಾಂತಕ್ಕ ಸೆರಗಿಗೆ ಕೈ ಒರೆಸುತ್ತ ಓಡಿ ಬಂದರು. ನಾನು ಫೋನು ತೋರಿಸಿದೆ. ಮೊದಲು ನಕ್ಕವಳು ನಾನೋ ಅವರೋ ಗೊತ್ತಿಲ್ಲ. ಕೊನೆಗೆ ಮೂವರೂ ನಗುತ್ತಿದ್ದೆವು. ಸರ್ ನಗುತ್ತ ನಗುತ್ತ ಕನ್ನಡಕ ಕೈಯಲ್ಲೇ ಹಿಡಿದು ಕಣ್ಣೊರೆಸಿಕೊಂಡರು. ಆಮೇಲೂ ಸುಮಾರು ಹೊತ್ತು ಒರೆಸಿಕೊಳ್ಳುತ್ತಲೇ ಇದ್ದರು. ಆಗ ಶಾಂತಕ್ಕ ನಗು ನಿಲ್ಲಿಸಿದರು.

"ಕಿವಿ ಕೇಳವಲ್ದೇನ್ರಿ ನಿಮಗ?" ಅಂದರು.

ಫೋನು ಬರೆದದ್ದನ್ನು ಓದಿ ಸರ್ ಹೇಳಿದರು. "ಕಾಲೇಜಿನ ಕಡೀ ವರ್ಷದಿಂದ."

"ನಮ್ಮವರು ಮೊದಲಿಂದಾನೂ ನನ್ನ ಮಾತ ಎಲ್ಲಿ ಕೇಳ್ತಿದ್ರು ಅಂತ ನಾ ಸುಮ್ಮನಿದ್ನಲ್ರಿ ಮೇಡಂ" ಅಂದರು ಶಾಂತಕ್ಕ. ತಮಾಷೆಯ ಮಾತೇ. ದನಿ ಮಾತ್ರ ತಮಾಷೆಯದಾಗಿರಲಿಲ್ಲ. ಗಂಡನ ಪಕ್ಕದಲ್ಲೇ ಕೂತರು.

ಸರ್ ಹೇಳಿದ್ದನ್ನು ಆದಷ್ಟೂ ಅವರ ಮಾತಿನಲ್ಲೇ ಬರೆಯುತ್ತೇನೆ.

"ಮೊದಲ ಹಿಂದಿನ ಬೆಂಚಿನ ಹುಡುಗೂರ ಪ್ರಶ್ನೆ ಕೇಳವಲ್ದಾದವು. 'ಛಲೋ ಪ್ರಶ್ನೆ, ಪುಸ್ತಕದಾಗ ನೋಡ್ರಿ' ಅಂತಿದ್ದೆ. ಆಮ್ಯಾಲೆ ಮಂದ್ಯಾಗ ಮಾತು ಕೇಳವಲ್ದಾತು. 'ಏನಂದ್ರಿ?' ಅಂತ ಒಮ್ಮೆ ಕೇಳಬಹುದು. ಇನ್ನೊಮ್ಮೆ ಕೇಳಬಹುದು. ಮತ್ತೂ ಕೇಳಿದ್ರ ಎದುರಿನವರ ಹುಬ್ಬ ಗಂಟಾಗಿ ಮಾರಿ ಬದಲಾಗತೈತ್ರಿ ಮೇಡಂ. ಹೂಂ ಅಂದ್ರ ಯಾರ ಮಾರೀನೂ ಬದಲಾಗೂದಿಲ್ಲ."

"ಮತ್ತ ಲಗ್ನಕ್ಕ ಬರೂದ ಯಾಕ ಬಿಟ್ರಿ?" ಅಂದೆ.

"ಮಂದಿ ನಕ್ಕಾಗ ನಗತಿದ್ದೆ. ಅಷ್ಟ ಸಾಕಾಗತಿತ್ತು. ಒಂದ ಲಗ್ನದಾಗ ಬಾಜೂ ಕುಂತವರು ಏನೋ ಹೇಳಾಕತ್ತಿದ್ರು. ಅವರ ತುಟಿ ನಕ್ಕಂಗ ಕಂಡ್ವು. ನಾನೂ ಜೋರ ನಕ್ಕೆ. ಅವರು ಒಡಹುಟ್ಟಿದ ತಮ್ಮ ತೀರಿಕೊಂಡಿದ್ದು ಹೇಳಾಕತ್ತಿದ್ರಂತ. ಅವರ ತುಟಿ ನಕ್ಕಿರಲಿಲ್ಲ, ಅಳು ತಡಕೊಂಡಿದ್ವು. ದನಿ ಕೇಳಲಿಲ್ಲಂದ್ರ ಎರಡೂ ಒಂದ ಥರಾ ಕಾಣ್ತಾವು."

ಶಾಂತಕ್ಕ ಅವರ ಮೊಣಕೈ ಹಿಡಿದುಕೊಂಡರು. ನಾನು ಕಿಟಕಿಯಾಚೆ ನೋಡಿದೆ.

ಫೋನು ಇಷ್ಟನ್ನೂ ಕೇಳಿಸಿಕೊಂಡು ಏನೇನೋ ಬರೆದಿತ್ತು. ಸರ್ ಅದರತ್ತ ಬಗ್ಗಿದರು. ಬಗ್ಗಿದವರು ಹಾಗೇ ಉಳಿದರು. ಆ ಮುಖ ನನಗೆ ಗೊತ್ತು. ಲ್ಯಾಬಿನಲ್ಲಿ ಲೋಲಕ ಬೇರೆ ಥರ ತೂಗಿದಾಗಿನ ಮುಖ ಅದು.

"'ಕತ್ತೆ' ಅಂತ ಯಾಕ ಬರೀತಿದು?" ಅಂದರು. "ಶಾಂತಾ, ಮತ್ತ ಅನ್ನು."

"ಏನನ್ಲಿ?"

"ಅದನ್ನ. ಚಾ ಮಾಡಾಕತ್ತೇನಿ ಅನ್ನು."

ಶಾಂತಕ್ಕ ಅಂದರು. ಮತ್ತೆ ಕತ್ತೆ ಬಂತು. ನಾನೂ ಅದನ್ನೇ ಹೇಳಿದೆ. ಕತ್ತೆಯೇ. "ಹತ್ರ ಬಂದು ಅನ್ರಿ. ಈಗ ಹಿತ್ತಲಿಗೆ ಹೋಗಿ ಅನ್ರಿ. ಒಂದ ಸಲಕ್ಕ ಒಂದ ಬದಲ ಮಾಡ್ರಿ, ಎರಡೆರಡ ಮಾಡಿದ್ರ ಏನೂ ತಿಳಿಯೂದಿಲ್ಲ!" ಸರ್ ಅವರ ದನಿ ಏರಿತ್ತು. 'ಹೊಂಟೇನಿ' ಅಂದರೆ ಫೋನು 'ಒಂಟೆ ನೀ' ಎಂದು ಬರೆಯಿತು. 'ಬಂದೇನಿ' ಅಂದರೆ 'ಬಂದೆ ನೀ'. 'ಮನ್ಯಾಗ ಅಕ್ಕಿ ಇಲ್ಲ' ಅಂದದ್ದಕ್ಕೆ 'ಮಾನ್ಯ ಆಗ ಅಕ್ಕಿ ಇಲ್ಲ'. ಅದನ್ನೇ ನಾನು ಪುಸ್ತಕದ ಕನ್ನಡದಲ್ಲಿ ಹೇಳಿದರೆ ಒಂದು ಒತ್ತಕ್ಷರವೂ ತಪ್ಪಲಿಲ್ಲ.

ಸರ್ ಎದ್ದು ಓಡಾಡತೊಡಗಿದರು. "ಅಂದ್ರ ಸಪ್ಪಳದ ದೋಷ ಅಲ್ಲ. ದೂರದ್ದೂ ಅಲ್ಲ. ನಮ್ಮ ಧಾರವಾಡದ ಮಾತು ಇದಕ್ಕ ಗೊತ್ತಿಲ್ಲ. ನಾವು 'ಏನಿ' ಅಂದಲ್ಲೆಲ್ಲಾ ಇದು 'ನೀ' ಅಂತೈತಿ. ಅಲ್ರಿ ಮೇಡಂ, ಇದನ್ನ ಮಾಡಿದವರಿಗೆ ಕೇಳಿದ್ರ ಆತಲ್ಲ, ಯಾಕ ಹಿಂಗ ಅಂತ?"

ಈ ಪ್ರಶ್ನೆಗಾಗಿಯೇ ನಾನು ಹುಟ್ಟಿದ್ದೆನೇನೋ!

"ಅವರಿಗೂ ಪೂರ್ತಿ ಗೊತ್ತಿಲ್ರಿ ಸರ್. ರಾಶಿಗಟ್ಟಲೆ ಮಾತು ಕೇಳಿಸಿ ಕಲಿಸಿರತಾರ. ಒಳಗ ಅದು ಏನ ಕಲೀತು ಅಂತ ತಿಳೀಬೇಕಂದ್ರ ಅವರೂ ಹಿಂಗ ಕುಂತು, ಒಂದೊಂದ ಬದಲ ಮಾಡಿ, ಪರೀಕ್ಷಾ ಮಾಡಿನ ನೋಡಬೇಕು."

ಸರ್ ನಿಂತರು. ತೆರೆಯ ಮೇಲಿನ ಅಕ್ಷರ ಓದಿ ಮುಗಿಸಿದರು.

"ಅಂದ್ರ ತಮ್ಮ ಕಿಸೇದಾಗ ಏನೈತಿ ತಮಗ ಗೊತ್ತಿಲ್ಲ."

"ಇಲ್ರಿ. ನೀವೂ ಈಗ ಅದನ್ನ ಮಾಡಿದ್ರಿ. ನೋಡಿದ್ರಿ, ಊಹಾ ಮಾಡಿದ್ರಿ, ಪರೀಕ್ಷಾ ಮಾಡಿದ್ರಿ. ಯಾವುದರ ಮ್ಯಾಲ? ಕಲ್ಲಲ್ಲ, ನೀರಲ್ಲ. ಕಂಪ್ಯೂಟರಿನ ಮ್ಯಾಲ. ಈಗ ಹೇಳ್ರಿ ಸರ್. ಇದು ವಿಜ್ಞಾನ ಹೌದೋ ಅಲ್ಲೋ?"

ಹೂಂ ಅಂದುಬಿಡುತ್ತಾರಾ? ಅನ್ನಬಾರದು. ಅನ್ನಲಿ. ಬೇಡ.

"ಅಲ್ಲ!" ಅಂದರು ಪಾಟೀಲ ಸರ್.

"ಯಾಕ್ರಿ?"

"ಒಂದಾದ್ರೂ ಕಾಯಂ ನಿಯಮ ಸಿಕ್ಕತೇನು ನಿಮಗ? ನಾಳೆ ಅವರು ಇದನ್ನ ಬದಲ ಮಾಡ್ತಾರ, ನಿಮ್ಮ ಕತ್ತಿ ಕುದರಿ ಆಗತೈತಿ. ಕಲ್ಲು ಹಂಗ ಬದಲಾಗೂದಿಲ್ಲ. ನೀವು ಮಾಡಾಕತ್ತಿದ್ದು ವಿಜ್ಞಾನದ ರೀತಿ ಹೌದು, ವಿಜ್ಞಾನ ಅಲ್ಲ!"

"ಜೀವಿಗಳೂ ಬದಲಾಗತಾವಲ್ರಿ? ಹಂಗಾದ್ರ ಪ್ರಾಣಿಶಾಸ್ತ್ರನೂ ಹುಬ್ಬಳ್ಳಿ ಬಸ್ಸಿಗೆ ಹತ್ತಿಸೂದೇನು?"

"ಪ್ರಾಣಿಶಾಸ್ತ್ರದವರನ್ನ ನಡುವ ತರಬ್ಯಾಡ್ರಿ!"

ಜೋರು ಜೋರು ದನಿ. ಫೋನಿಗೆ ನಮ್ಮ ವೇಗ ಹಿಡಿಯಲಾಗದೆ ಅದು ಬರೀ ಕತ್ತೆ, ಒಂಟೆ ಬರೆಯುತ್ತಿತ್ತು. ಅರ್ಧ ಅದನ್ನೋದಿ, ಅರ್ಧ ನನ್ನ ತುಟಿ ನೋಡಿ, ಇನ್ನರ್ಧ ಹಳೆಯ ಜಗಳದ ನೆನಪಿನಿಂದ ಸರ್ ಉತ್ತರ ಕೊಡುತ್ತಿದ್ದರು. (ಹೌದು, ಮೂರು ಅರ್ಧ. ಗಣಿತ ಮೇಲಿನ ಮಹಡಿಯವರದು.) ಮಂಡಕ್ಕಿ ಗಿರಮಿಟ್ಟಿನ ತಟ್ಟೆ ಹಿಡಿದು ಶಾಂತಕ್ಕ ಬಾಗಿಲಲ್ಲಿ ನಿಂತಿದ್ದರು. ಒಳಗೆ ಬರಲೇ ಇಲ್ಲ.

"ಬರ್ರಿ ಅಕ್ಕಾರ" ಅಂದೆ.

"ಇರ್ಲಿ, ನೀವ ನಡಸ್ರಿ. ಇನ್ನ ಒಂದೀಟ ಜೋರ ಆಡ್ರಿ" ಅಂದರು.

ಆ ವಾರವೇ ಶಾಂತಕ್ಕ ಗಂಡನನ್ನು ಹುಬ್ಬಳ್ಳಿಯ ಕಿವಿ ಡಾಕ್ಟರರ ಹತ್ತಿರ ಕರೆದುಕೊಂಡು ಹೋದರು. "ಮಿಷನ್ ಹಾಕ್ಕೊಂಡ್ರ ಮುದುಕ ಆದ ಅಂತಾರ" ಅಂತ ಸರ್ ಹಟ ಹಿಡಿದರಂತೆ. "ಗಿಳಿಹಸರ ಮನ್ಯಾಗ ಇರೂದಕ್ಕಿಂತ ಅದು ಛಲೋ" ಅಂದರಂತೆ ಶಾಂತಕ್ಕ. ಮಿಷನ್ ಬಂತು. ಮೊದಲ ದಿನ ಸರ್ ಫೋನ್ ಮಾಡಿ, "ಮೇಡಂ, ನಮ್ಮ ಫ್ರಿಜ್ಜು ಇಷ್ಟ ಒದರ್ತೈತಿ ಅಂತ ನನಗ ಗೊತ್ತ ಇರಲಿಲ್ಲ" ಅಂದರು. ಮಕ್ಕಳ ಹಾಗೆ ಖುಷಿ.

ಅಲ್ಲಿಗೆ ಈ ಕಥೆ ಮುಗಿಯಬೇಕಿತ್ತು. ನನ್ನ ಪಾಲಿಗೆ ಮುಗಿಯಲಿಲ್ಲ.

ಮಿಷನ್ ಬಂದ ಮೇಲಿನ ಭಾನುವಾರ, ಯಾರೂ ಕರೆಯದೆ, ನಾನೇ ಹೋದೆ. ಹೊಸ ವಾದವೊಂದನ್ನು ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದೆ. ಸರ್ ಇರಲಿಲ್ಲ. "ಮುಗದ ಊರಿಗೆ ಹೋಗ್ಯಾರ್ರಿ, ಅಲ್ಲಿ ಸಾಲ್ಯಾಗ ಮಕ್ಕಳಿಗೆ ಏನೋ ಪ್ರಯೋಗ ತೋರಸ್ತಾರಂತ" ಅಂದರು ಶಾಂತಕ್ಕ. ಅದರ ಮುಂದಿನ ವಾರ ಫೋನ್ ಮಾಡಿದೆ. ತಿರುಗಾಡುವ ಗೆಳೆಯರ ಜೊತೆ ನುಗ್ಗಿಕೇರಿಗೆ ಹೋಗಿದ್ದರು. "ಈಗ ಎಲ್ಲಾದಕ್ಕೂ ಇಲ್ಲ ಅಂತಾರ್ರಿ ಮೇಡಂ! ಸಾರಿಗೆ ಉಪ್ಪ ಹೆಚ್ಚಾತು ಅಂತಾರ. ಸೀರಿ ಛಲೋ ಇಲ್ಲ ಅಂತಾರ. ನಿಮ್ಮ ಉಪಕಾರ ಮರಿಯೂದಿಲ್ಲ" ಅಂದರು. ಆ ಸಂತೋಷದ ದನಿ ಕೇಳಿ ನನಗೂ ಸಂತೋಷವಾಯಿತು. ನಿಜವಾಗಿಯೂ ಆಯಿತು.

ಫೋನು ಇಟ್ಟ ಮೇಲೆ ಮನೆ ಬಹಳ ದೊಡ್ಡದು ಅನಿಸಿತು. ಎರಡೇ ಕೋಣೆಯ ಬಾಡಿಗೆ ಮನೆ ನನ್ನದು. ಅವ್ವ ಹೋದ ಮೇಲೆ ಇಲ್ಲಿ ನಾನೊಬ್ಬಳೇ. ಹೊರಗೆ ಸಪ್ತಾಪುರದ ತುಂಬ ಹುಡುಗ ಹುಡುಗಿಯರು. ರೂಮು, ಮೆಸ್ಸು, ಕೋಚಿಂಗ್ ಕ್ಲಾಸು ಅಂತ ಸಂಜೆಗೆ ರಸ್ತೆಯೆಲ್ಲ ಅವರದೇ ಮಾತು. ಅದರಲ್ಲಿ ಒಂದು ಮಾತೂ ನನ್ನ ಜೊತೆ ಆಡುವುದಲ್ಲ.

ಪಾಟೀಲ ಸರ್ ಕೇಳದೆ ಹೂಂ ಅಂದರು. ಅವರಿಗೆ ಕಾರಣವಿತ್ತು. ನನ್ನ ಕಿವಿ ನೆಟ್ಟಗಿದೆ. ಆದರೂ ದಿನಕ್ಕೆಷ್ಟು ಸಲ ಕೇಳದೆಯೇ ಹೂಂ ಅನ್ನುತ್ತೇನೆ? ಸ್ಟಾಫ್ ರೂಮಿನಲ್ಲಿ, ಕಿರಾಣಿ ಅಂಗಡಿಯಲ್ಲಿ, ಬೆಳಗಾವಿಯ ಅಣ್ಣನ ಫೋನಿನಲ್ಲಿ. "ಆರಾಮ ಅದೀ ಇಲ್ಲೋ?" ಹೂಂ. "ಊಟಾ ಬರೋಬ್ಬರಿ ಮಾಡ್ತೀ ಇಲ್ಲೋ?" ಹೂಂ. ಅವನೂ ಹೂಂ ಅನ್ನುತ್ತಾನೆ. ಇಬ್ಬರೂ ಫೋನು ಇಡುತ್ತೇವೆ. ನಿಮ್ಮ ಮನೆಯಲ್ಲೂ ಹೀಗೇ ತಾನೇ? ಯಾರ ಮಾರಿಯೂ ಬದಲಾಗದಿರಲಿ ಅಂತ ಎಷ್ಟು ಕಷ್ಟಪಡುತ್ತೇವೆ ನಾವೆಲ್ಲ! ಒಬ್ಬ ಮನುಷ್ಯ ನಿಮಗೆ ಅಲ್ಲ ಅನ್ನಬೇಕಾದರೆ ಮೊದಲು ಅವನು ನಿಮ್ಮ ಮಾತನ್ನು ಪೂರ್ತಿ ಕೇಳಿಸಿಕೊಂಡಿರಬೇಕು. ಅಷ್ಟು ಪುರಸೊತ್ತು, ಅಷ್ಟು ಅಕ್ಕರೆ ಈಗ ಯಾರಿಗಿದೆ?

ಇದನ್ನೆಲ್ಲ ಬರೆಯಲೆಂದು ಕೂತೆ. ಬೆರಳು ನೋಯುತ್ತಿತ್ತು. ಅದೇ ಆ್ಯಪ್ ತೆರೆದು ಟೇಬಲ್ಲಿನ ಮೇಲಿಟ್ಟೆ. ಎಲ್ಲಿಂದ ಶುರು ಮಾಡಲಿ ಅಂತ ತಿಳಿಯಲಿಲ್ಲ. ತೆರೆ ಬೆಳ್ಳಗೆ ಕಾಯುತ್ತಿತ್ತು. ಆಮೇಲೆ ಏನನ್ನಿಸಿತೋ, ಪುಸ್ತಕದ ಕನ್ನಡ ಬಿಟ್ಟು, ಅವ್ವನ ಜೊತೆ ಆಡುತ್ತಿದ್ದ ಮಾತಿನಲ್ಲಿ ಮೆಲ್ಲಗೆ ಅಂದೆ.

"ಮನ್ಯಾಗ ಯಾರೂ ಇಲ್ಲ."

'ಮಾನ್ಯ ಆಗ' ಅಂತ ಬರೆಯುತ್ತದೆ, ನಗಬಹುದು ಅಂದುಕೊಂಡಿದ್ದೆ.

'ಮನೆಯಲ್ಲಿ ಯಾರೂ ಇಲ್ಲ' ಎಂದು ಬರೆಯಿತು. ಒಂದಕ್ಷರ ತಪ್ಪಿಲ್ಲದೆ.

ಅಕ್ಕಿ ಇಲ್ಲ ಅಂದಾಗ ತಿಳಿಯದ ಮಾತು, ಯಾರೂ ಇಲ್ಲ ಅಂದಾಗ ಅದಕ್ಕೆ ಹೇಗೆ ತಿಳಿಯಿತು? ಇಷ್ಟು ಚೆನ್ನಾಗಿ ಕಲಿಯಬೇಕಾದರೆ, ಎಷ್ಟು ಮಂದಿ ಅದರ ಮುಂದೆ ಕೂತು ಈ ಒಂದೇ ಮಾತನ್ನು ಹೇಳಿರಬೇಕು?